ಮಗುವಿನ ತೂಕ: ಹಳೆಯ ಕಡತಗಳು ಹೇಳುವುದೇನು?

ಹೆರಿಗೆಯ ಸುದ್ದಿ ಬಂದೊಡನೆ ಮನೆಮಂದಿ ಕೇಳುವ ಮೊದಲ ಪ್ರಶ್ನೆ ಗಂಡೋ ಹೆಣ್ಣೋ ಎಂಬುದು. ಎರಡನೆಯದು ತೂಕ ಎಷ್ಟು ಎಂಬುದು. ಎರಡೂವರೆ ಕಿಲೋಗಿಂತ ಕಡಿಮೆ ಎಂದರೆ ಅಜ್ಜಿಯ ಮುಖ ಬಾಡುತ್ತದೆ. ಈ ಎರಡೂವರೆ ಕಿಲೋ ಗೆರೆಯನ್ನು 1919ರಲ್ಲಿ ಸೂಚಿಸಿದವರು ಫಿನ್ಲೆಂಡಿನ ಮಕ್ಕಳ ವೈದ್ಯ ಆರ್ವೊ ಯುಲ್ಪೊ. ಆದರೆ ಹುಟ್ಟಿದ ದಿನದ ಒಂದು ಅಂಕಿಯಿಂದ ಮಗುವಿನ ಭವಿಷ್ಯ ಹೇಳಬಹುದೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ನೆರವಾದದ್ದು ಹಳೆಯ ಕಡತಗಳು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರ್‌ನಲ್ಲಿ 1911ರಿಂದ ಸೂಲಗಿತ್ತಿಯರು ಕೂಸನ್ನು ಹುಟ್ಟಿದೊಡನೆ ತೂಗುತ್ತಿದ್ದರು. ಆರೋಗ್ಯ ಸಂದರ್ಶಕಿಯರು ಮನೆಮನೆಗೆ ಹೋಗಿ, ಕುಡಿಸುವುದು ತಾಯಿಯ ಹಾಲೋ ಸೀಸೆಯ ಹಾಲೋ ಎಂದು ವಿಚಾರಿಸಿ, ವರ್ಷ ತುಂಬಿದಾಗ ಮತ್ತೆ ತೂಗಿ ಬರೆದಿಡುತ್ತಿದ್ದರು. ಈ ವ್ಯವಸ್ಥೆ ಕಟ್ಟಿದವರು ಮಾರ್ಗರೆಟ್ ಬರ್ನ್‌ಸೈಡ್ ಎಂಬ ಮಹಿಳೆ.

ಆ ಕಡತಗಳನ್ನು ದಶಕಗಳ ನಂತರ ಬಿಡಿಸಿ ನೋಡಿದವರು ಡಾ. ಡೇವಿಡ್ ಬಾರ್ಕರ್ ಮತ್ತು ಸಂಗಡಿಗರು. 1911ರಿಂದ 1930ರ ನಡುವೆ ಹುಟ್ಟಿದ 5,654 ಗಂಡಸರ ವಿವರಗಳನ್ನು ಪರಿಶೀಲಿಸಿ 1989ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಟ್ಟುವಾಗಲೂ ವರ್ಷ ತುಂಬಿದಾಗಲೂ ತೂಕ ಕಡಿಮೆ ಇದ್ದವರಲ್ಲೇ ಹೃದಯಾಘಾತದ ಸಾವು ಹೆಚ್ಚು. ವರ್ಷದ ಮಗುವಾಗಿದ್ದಾಗ 18 ಪೌಂಡು ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ಈ ಸಾವಿನ ಪ್ರಮಾಣ, 27 ಪೌಂಡು ಮುಟ್ಟಿದವರದಕ್ಕಿಂತ ಎರಡು ಪಟ್ಟಿಗೂ ಮಿಗಿಲಾಗಿತ್ತು.

ಇಂಥದೇ ಸಂಪತ್ತು ಮೈಸೂರಿನಲ್ಲೂ ಇತ್ತು. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಅಂದರೆ ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲಿಸಿಕೊಂಡು ಬಂದಿತ್ತು. 1990ರ ದಶಕದಲ್ಲಿ ಸಂಶೋಧಕರು ಸುತ್ತಲ ಬಡಾವಣೆಗಳಲ್ಲಿ ಮನೆಮನೆ ವಿಚಾರಿಸಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ್ದ 517 ಮಂದಿಯನ್ನು ಪರೀಕ್ಷಿಸಿದರು. ಐದೂವರೆ ಪೌಂಡು ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ. 11 ಮಂದಿಗೆ ಹೃದ್ರೋಗವಿತ್ತು. ಏಳು ಪೌಂಡು ಮೀರಿದವರಲ್ಲಿ ಶೇ. 3 ಮಾತ್ರ. 1996ರಲ್ಲಿ ಇದು ಪ್ರಕಟವಾಯಿತು.

ಹಾಗಾದರೆ ಸಣ್ಣ ಕೂಸನ್ನು ಬೇಗ ದಪ್ಪ ಮಾಡಿಬಿಟ್ಟರೆ ಆಯಿತೇ? ಇದಕ್ಕೆ ದೆಹಲಿಯ ಅಧ್ಯಯನ ಎಚ್ಚರಿಕೆಯ ಉತ್ತರ ಕೊಡುತ್ತದೆ. 1969ರಿಂದ 1972ರ ನಡುವೆ ಹುಟ್ಟಿದ ಮಕ್ಕಳನ್ನು ಪದೇಪದೇ ತೂಗಿ, ಅವರು ದೊಡ್ಡವರಾದ ಮೇಲೆ ರಕ್ತ ಪರೀಕ್ಷಿಸಲಾಯಿತು. 2004ರಲ್ಲಿ ಬಂದ ವರದಿಯ ಪ್ರಕಾರ, ಸಕ್ಕರೆ ಕಾಯಿಲೆ ಅಥವಾ ಅದರ ಮುನ್ಸೂಚನೆ ಕಂಡವರು ಎರಡು ವರ್ಷದವರೆಗೆ ತೆಳ್ಳಗಿದ್ದು, ಆಮೇಲೆ ಹನ್ನೆರಡರ ತನಕ ಮೈ ತುಂಬಿಕೊಳ್ಳುತ್ತ ಬಂದವರು. ಹಾಗೆಂದು ಅವರಲ್ಲಿ ಯಾರೂ ಹನ್ನೆರಡರಲ್ಲಿ ಬೊಜ್ಜಿನ ಮಕ್ಕಳಾಗಿರಲಿಲ್ಲ.

ಮೂರೂ ಕಡತಗಳನ್ನು ಜೊತೆಗಿಟ್ಟು ಓದಿದರೆ ತಿಳಿಯುವುದಿಷ್ಟು: ಹುಟ್ಟುತೂಕ ಹಣೆಬರಹವಲ್ಲ, ಗೆರೆಯ ಮೊದಲ ಚುಕ್ಕೆ. ಸಾಮಾನ್ಯವಾಗಿ ಮಗುವಿನ ತೂಕ ಐದು ತಿಂಗಳಿಗೆ ಇಮ್ಮಡಿ, ವರ್ಷಕ್ಕೆ ಮುಮ್ಮಡಿ ಆಗುತ್ತದೆ. ಮೊದಲ ಎರಡು ವರ್ಷ ಆ ಗೆರೆ ಏರುತ್ತಿದೆಯೇ ಎಂದು ನೋಡುವುದು ಮುಖ್ಯ. ಆ ಚುಕ್ಕೆ ಎಲ್ಲಿ ಬೀಳಬೇಕೆಂಬುದರಲ್ಲಿ ಬಸುರಿಯ ಊಟದ ತಟ್ಟೆಗೂ ಒಂದು ಪಾತ್ರವಿದೆ.

1975ರಲ್ಲಿ ಟಿ. ನರಸೀಪುರವೂ ಸೇರಿದಂತೆ ದೇಶದ 33 ಕಡೆ ಆರಂಭವಾದ ಅಂಗನವಾಡಿ ಯೋಜನೆಯಲ್ಲಿ ಇಬ್ಬರಿಗೂ ಪಾಲಿದೆ: ಬಸುರಿಗೆ ಪೂರಕ ಆಹಾರ, ಮಗುವಿಗೆ ತಕ್ಕಡಿ. ಅಂಗನವಾಡಿ ಕಾರ್ಯಕರ್ತೆ ತಿಂಗಳಿಗೊಮ್ಮೆ ಗುರುತು ಹಾಕುವ ಬೆಳವಣಿಗೆಯ ಪಟ್ಟಿ ಬರೀ ಸರ್ಕಾರಿ ಕಾಗದವಲ್ಲ. ಮಗುವಿನ ಐವತ್ತನೆಯ ವಯಸ್ಸಿನ ಆರೋಗ್ಯದ ಸುಳಿವೂ ಅದರಲ್ಲಿರುತ್ತದೆ.