ಮೂರು ಗೆರೆಗಳ ಹಿಂದೆ ಅಡಗಿರೋ ಕನ್ನಡ

ಫೋನಲ್ಲಿ ವೆಬ್‌ಸೈಟ್ ತೆರೆದ್ರೆ ಮೇಲಿನ ಮೂಲೆಯಲ್ಲಿ ಒಂದರ ಕೆಳಗೊಂದು ಮೂರು ಅಡ್ಡಗೆರೆ ಕಾಣುತ್ತಲ್ಲ, ಅದಕ್ಕೆ ಹ್ಯಾಂಬರ್ಗರ್ ಮೆನು ಅಂತ ಅಡ್ಡಹೆಸರು. ಸ್ಮಾರ್ಟ್‌ಫೋನ್ ಜೊತೆ ಹುಟ್ಟಿದ್ದು ಅಂದ್ಕೋಬೇಡಿ. ನಿಮ್ಮಲ್ಲಿ ಹಲವರ ಅಪ್ಪ-ಅಮ್ಮನ ಮದುವೆಗಿಂತ ಹಳೇದು ಅದು.

1981ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿ (ಅಂಗಡಿಗೆ ಹೋಗಿ ‘ಎರಡು ಜೆರಾಕ್ಸ್ ಕೊಡಿ’ ಅಂತೀವಲ್ಲ, ಅದೇ) ಸ್ಟಾರ್ ಎಂಬ ಕಚೇರಿ ಕಂಪ್ಯೂಟರ್ ಹೊರತಂದಿತು. ಬೆಲೆ 16 ಸಾವಿರ ಡಾಲರ್‌ಗೂ ಹೆಚ್ಚು. ಅದರ ಐಕಾನ್‌ಗಳನ್ನು ರೂಪಿಸಿದವರು ನಾರ್ಮ್ ಕಾಕ್ಸ್. ಪಟ್ಟಿಯೊಂದನ್ನು ತೆರೆಯೋಕೆ ಪುಟ್ಟ ಗುರುತು ಬೇಕಿತ್ತು. ಪಟ್ಟಿ ದೂರದಿಂದ ಹೇಗೆ ಕಾಣುತ್ತೋ ಹಾಗೇ ಮೂರು ಗೆರೆ ಎಳೆದರು. ವಿಂಡೋ ಬಿಸಿಯಾಗದಿರಲಿ ಅಂತ ಇಟ್ಟ ಗಾಳಿಕಿಂಡಿ ಇದು ಅಂತ ತಮಾಷೆ ಬೇರೆ ಮಾಡ್ತಿದ್ರಂತೆ. ಸ್ಟಾರ್ ಮಾರುಕಟ್ಟೆಯಲ್ಲಿ ಸೋತಿತು. ಗೆರೆಗಳೂ ಹೆಚ್ಚುಕಡಿಮೆ ಮರೆತುಹೋದವು.

ಮುಂದೆ ವೆಬ್ ಬಂತು. ಅಗಲವಾದ ಪರದೆ, ಎಡಗಡೆ ಕೊಂಡಿಗಳ ಉದ್ದ ಪಟ್ಟಿ. ನೋಡೋಕೆ ಚೆಂದ ಇರಲಿಲ್ಲ, ಆದರೆ ಏನೇನಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗ್ತಿತ್ತು.

2007ರಲ್ಲಿ ಬಂದ ಮೊದಲ ಐಫೋನ್‌ನ ಪರದೆ ಬರೀ ಮೂರೂವರೆ ಇಂಚು. ದೊಡ್ಡ ಪುಟವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಓದಬೇಕಿತ್ತು. 2010ರಲ್ಲಿ ಈಥನ್ ಮಾರ್ಕಾಟ್ ಎಂಬ ವಿನ್ಯಾಸಕಾರ ಒಂದು ಲೇಖನ ಬರೆದರು: ಪ್ರತಿ ಸಾಧನಕ್ಕೂ ಬೇರೆ ಬೇರೆ ಸೈಟ್ ಯಾಕೆ, ಒಂದೇ ಪುಟ ಪರದೆಯ ಅಗಲಕ್ಕೆ ಹೊಂದಿಕೊಳ್ಳಲಿ. ಅದೇ ರೆಸ್ಪಾನ್ಸಿವ್ ವೆಬ್ ಡಿಸೈನ್. ಪುಟವೇನೋ ಹೊಂದಿಕೊಂಡಿತು. ಎಡಗಡೆಯ ಪಟ್ಟಿ ಎಲ್ಲಿಗೆ ಹೋಗಬೇಕು? ಕಾಕ್ಸ್ ಅವರ ಮೂರು ಗೆರೆಗಳ ಹಿಂದಕ್ಕೆ.

ತಪ್ಪು ಆ ಗೆರೆಗಳದ್ದಲ್ಲ ಅಂತ ನನಗನ್ನಿಸುತ್ತೆ. ಸ್ಟಾರ್‌ನಲ್ಲಿ ಮುಖ್ಯವಾದದ್ದೆಲ್ಲ ಪರದೆ ಮೇಲೇ ಇತ್ತು, ಗೆರೆಗಳ ಹಿಂದೆ ಇದ್ದದ್ದು ಹೆಚ್ಚುವರಿ ಆಯ್ಕೆಗಳಷ್ಟೇ. ನಾವು ಇಡೀ ಮನೆಯನ್ನೇ ಅಟ್ಟಕ್ಕೆ ಸಾಗಿಸಿದ್ವಿ. ನೀಲ್ಸನ್ ನಾರ್ಮನ್ ಗ್ರೂಪ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತು: ಮೆನು ಬಚ್ಚಿಟ್ಟರೆ ಜನ ಅದನ್ನು ಕಡಿಮೆ ಬಳಸ್ತಾರೆ, ಹುಡುಕೋಕೂ ಹೆಚ್ಚು ಹೊತ್ತು ಹಿಡಿಯುತ್ತೆ. ಅದೇ ವರ್ಷ ಸ್ಪಾಟಿಫೈ ಐಫೋನ್ ಆ್ಯಪ್‌ನಲ್ಲಿ ಮೂರು ಗೆರೆ ಕೈಬಿಟ್ಟು, ಹೆಬ್ಬೆರಳಿಗೆ ಸಿಗುವಂತೆ ಕೆಳಗಡೆ ಗುಂಡಿಗಳ ಸಾಲು ತಂತು.

ಇದು ಬರೀ ಡಿಸೈನರ್‌ಗಳ ಜಗಳ ಅಲ್ಲ. ಎಷ್ಟೋ ಆ್ಯಪ್‌ಗಳಲ್ಲಿ ಭಾಷೆ ಬದಲಿಸೋ ಆಯ್ಕೆ ಇರೋದೇ ಆ ಮೂರು ಗೆರೆಗಳ ಹಿಂದೆ. ಅಲ್ಲಿಂದ ‘ಸೆಟ್ಟಿಂಗ್ಸ್’, ಅಲ್ಲಿಂದ ‘ಲ್ಯಾಂಗ್ವೇಜ್’, ಎರಡೂ ಇಂಗ್ಲಿಷ್ ಅಕ್ಷರದಲ್ಲಿ. ನಮ್ಮಮ್ಮ ಬ್ಯಾಂಕಿನ ಆ್ಯಪ್ ಒಂದನ್ನು ಎರಡು ವರ್ಷ ಇಂಗ್ಲಿಷಲ್ಲೇ ಬಳಸಿದ್ರು. ಕನ್ನಡ ಅದರೊಳಗೇ ಇತ್ತು, ಆದರೆ ಇಂಗ್ಲಿಷ್ ಓದೋಕೆ ಬಂದವರಿಗೆ ಮಾತ್ರ ಸಿಗೋ ಜಾಗದಲ್ಲಿ. ಮೊದಲ ಪರದೆಯಲ್ಲೇ ‘ಕನ್ನಡ’ ಅಂತ ಕನ್ನಡದಲ್ಲೇ ಬರೆದ ಒಂದು ಗುಂಡಿಗೆ ಎಷ್ಟು ಜಾಗ ಬೇಕು ಹೇಳಿ?

ಈ ಸಂಚಿಕೆ ಮುಗಿದ ಮೇಲೆ ಮನೆಯ ಹಿರಿಯರ ಫೋನ್ ತಗೊಂಡು ನೋಡಿ. ಭಾಷೆಯ ಆಯ್ಕೆ ಎಷ್ಟನೇ ಟ್ಯಾಪ್‌ಗೆ ಸಿಕ್ತು ಅಂತ ನಮಗೆ ಬರೆದು ಕಳಿಸಿ.