ಸಹಭಾಗಿತ್ವದ ಅರಣ್ಯ ಸಂಶೋಧನೆ: ಫಲಿತಾಂಶಗಳ ಹಂಚಿಕೆಯನ್ನು ಯೋಜಿಸುವ ಬಗೆ

ಅರಣ್ಯ ಇಲಾಖೆ, ಸಂಶೋಧನಾ ಸಂಸ್ಥೆಗಳು, ವಿಶ್ವವಿದ್ಯಾಲಯಗಳು, ಸ್ವಯಂಸೇವಾ ಸಂಸ್ಥೆಗಳು ಹಾಗೂ ಅರಣ್ಯವನ್ನು ಅವಲಂಬಿಸಿ ಜೀವನ ಸಾಗಿಸುವ ಜನರು ಒಟ್ಟಾಗಿ ಕೈಗೊಳ್ಳುವ ಅಧ್ಯಯನವನ್ನು ಸಹಭಾಗಿತ್ವದ ಅರಣ್ಯ ಸಂಶೋಧನೆ ಎಂದು ಕರೆಯಲಾಗುತ್ತದೆ. 1988ರ ರಾಷ್ಟ್ರೀಯ ಅರಣ್ಯ ನೀತಿಯು ಅರಣ್ಯ ಸಂರಕ್ಷಣೆಯಲ್ಲಿ ಜನರ ಪಾತ್ರವನ್ನು ಒಪ್ಪಿಕೊಂಡಿತು. ಕರ್ನಾಟಕದಲ್ಲಿ 1993ರ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆ ಆದೇಶದನ್ವಯ ಗ್ರಾಮ ಅರಣ್ಯ ಸಮಿತಿಗಳು ರಚನೆಯಾದವು. ಇಂತಹ ಅಧ್ಯಯನಗಳಿಗೆ ದಾರಿಯಾದದ್ದು ಈ ಹಿನ್ನೆಲೆಯಲ್ಲಿಯೇ. ಕಿರು ಅರಣ್ಯ ಉತ್ಪನ್ನಗಳ ಇಳುವರಿ, ಕಳೆಗಳ ಹರಡುವಿಕೆ, ಮೇವು ಮತ್ತು ಸೌದೆಯ ಬಳಕೆ ಮುಂತಾದ ವಿಷಯಗಳಲ್ಲಿ ಸ್ಥಳೀಯರ ನೆರವಿಲ್ಲದೆ ನಂಬಲರ್ಹ ಅಂಕಿ-ಅಂಶ ದೊರೆಯುವುದೇ ಕಷ್ಟ.

ಆದರೆ ಅಂಕಿ-ಅಂಶ ಸಂಗ್ರಹಣೆಗೆ ದೊರೆಯುವ ಗಮನ ಅದರ ಹಂಚಿಕೆಗೆ ದೊರೆಯುವುದಿಲ್ಲ. ಬಹುತೇಕ ಪ್ರಸ್ತಾವನೆಗಳಲ್ಲಿ ಈ ವಿಷಯವು ಕೊನೆಯ ಪುಟದ ‘ವರದಿ ಮುದ್ರಣ ಹಾಗೂ ಕಾರ್ಯಾಗಾರ’ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಫಲಿತಾಂಶವು ಯಾರಿಗೆ, ಯಾವ ಭಾಷೆಯಲ್ಲಿ, ಯಾವ ತಿಂಗಳಿನಲ್ಲಿ ತಲುಪಬೇಕು ಎಂಬುದನ್ನು ಮೊದಲ ಮರಕ್ಕೆ ಸಂಖ್ಯೆ ಬರೆಯುವ ಮುನ್ನವೇ ನಿರ್ಧರಿಸುವುದು ಅವಶ್ಯಕ. ಇದು ಸೌಜನ್ಯದ ಪ್ರಶ್ನೆ ಮಾತ್ರವಲ್ಲ. ಅರಣ್ಯದ ಕುರಿತ ತೀರ್ಮಾನಗಳು ಸಂಶೋಧನಾ ಪತ್ರಿಕೆಗಳ ವೇಳಾಪಟ್ಟಿಗೆ ಕಾಯುವುದಿಲ್ಲ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ನೆಲ್ಲಿಕಾಯಿಯ ಕುರಿತು ನಡೆದ ದೀರ್ಘಕಾಲದ ಅಧ್ಯಯನವು ಇದಕ್ಕೆ ಉತ್ತಮ ನಿದರ್ಶನ.

ಬಿಳಿಗಿರಿರಂಗನ ಬೆಟ್ಟದ ನೆಲ್ಲಿ

ಸುಮಾರು 540 ಚದರ ಕಿಲೋಮೀಟರ್ ವಿಸ್ತೀರ್ಣದ ಈ ವನ್ಯಜೀವಿಧಾಮದಲ್ಲಿ ಸೋಲಿಗ ಸಮುದಾಯದವರು ತಲೆಮಾರುಗಳಿಂದ ಪೋಡುಗಳಲ್ಲಿ ವಾಸವಾಗಿದ್ದಾರೆ. ನೆಲ್ಲಿಕಾಯಿ, ಜೇನು, ಕಲ್ಲುಹೂ ಮೊದಲಾದವುಗಳನ್ನು ಸಂಗ್ರಹಿಸಿ ಲ್ಯಾಂಪ್ಸ್ ಸಹಕಾರ ಸಂಘದ ಮೂಲಕ ಮಾರಾಟ ಮಾಡುವುದು ಅವರ ಪ್ರಮುಖ ಆದಾಯಗಳಲ್ಲೊಂದಾಗಿತ್ತು. ಕಾಯಿ ಕೀಳುವುದರಿಂದ ನೆಲ್ಲಿಯ ಸಂತತಿ ಕ್ಷೀಣಿಸುತ್ತಿದೆಯೇ ಎಂಬ ಪ್ರಶ್ನೆಯನ್ನು ಇಟ್ಟುಕೊಂಡು 1990ರ ದಶಕದಲ್ಲಿ ಸಂಶೋಧಕರು, ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಹಾಗೂ ಸೋಲಿಗರು ಜೊತೆಗೂಡಿ ಕೆಲಸ ಆರಂಭಿಸಿದರು. 1996ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಏಟ್ರೀ ಸಂಸ್ಥೆಯು ಈ ಕೆಲಸವನ್ನು ಮುಂದುವರಿಸಿತು.

ಇಲ್ಲಿ ಬೆಳೆಯುವ ನೆಲ್ಲಿ ಎರಡು ಪ್ರಭೇದಗಳಿಗೆ ಸೇರಿದ್ದು. ಸಂಗ್ರಹಕ್ಕೆ ಮುನ್ನ ಸೋಲಿಗರು ತಮ್ಮ ತಮ್ಮ ಪ್ರದೇಶಗಳಲ್ಲಿ ಆ ವರ್ಷದ ಇಳುವರಿಯನ್ನು ಅಂದಾಜು ಮಾಡುವುದು, ಸಂಶೋಧಕರು ಮಾದರಿ ತಾಕುಗಳಲ್ಲಿ ಪಡೆದ ಲೆಕ್ಕದೊಂದಿಗೆ ಅದನ್ನು ಹೋಲಿಸುವುದು, ಸಂಗ್ರಹದ ಬಳಿಕ ಸಭೆ ಸೇರಿ ಎಷ್ಟು ತೆಗೆಯಲಾಯಿತು, ಎಷ್ಟು ಉಳಿಯಿತು, ಸಸಿಗಳ ಸ್ಥಿತಿ ಹೇಗಿದೆ ಎಂದು ಚರ್ಚಿಸುವುದು ಈ ಪದ್ಧತಿಯ ಸಾರಾಂಶ. ಈ ಪದ್ಧತಿಯ ಮೌಲ್ಯಮಾಪನವು 2008ರಲ್ಲಿ ಪ್ರಕಟವಾಯಿತು. ಇದರಲ್ಲಿ ಗಮನಿಸಬೇಕಾದ ಅಂಶವೆಂದರೆ, ಫಲಿತಾಂಶದ ಹಂಚಿಕೆಯು ಅಧ್ಯಯನದ ಕೊನೆಯ ಹಂತವಾಗಿರದೆ ಅದರ ವಾರ್ಷಿಕ ಆವರ್ತನದ ಒಂದು ಭಾಗವೇ ಆಗಿತ್ತು. ಕಾಯಿ ಕೀಳುವವರು ತಮ್ಮ ಅಂದಾಜಿಗೂ ತಾಕಿನ ಲೆಕ್ಕಕ್ಕೂ ಇದ್ದ ವ್ಯತ್ಯಾಸವನ್ನು ಅದೇ ಋತುವಿನಲ್ಲಿ ತಿಳಿಯಲು ಅವಕಾಶವಿತ್ತು.

ಈ ನಡುವೆ ಪರಿಸ್ಥಿತಿ ಬದಲಾಯಿತು. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ಕ್ಕೆ 2002ರಲ್ಲಿ ತಂದ ತಿದ್ದುಪಡಿಯ ಪರಿಣಾಮವಾಗಿ ಸಂರಕ್ಷಿತ ಪ್ರದೇಶಗಳಿಂದ ವಾಣಿಜ್ಯ ಉದ್ದೇಶದ ಸಂಗ್ರಹವನ್ನು ನಿರ್ಬಂಧಿಸಲಾಯಿತು. 2006ರ ಹೊತ್ತಿಗೆ ಬಿಳಿಗಿರಿರಂಗನ ಬೆಟ್ಟದಲ್ಲಿ ಸಂಗ್ರಹ ನಿಂತಿತು. ಹತ್ತು ವರ್ಷಗಳ ದತ್ತಾಂಶವನ್ನು ಆಧರಿಸಿ, ಎರಡೂ ನೆಲ್ಲಿ ಪ್ರಭೇದಗಳ ಇಳಿಕೆಯಲ್ಲಿ ಕಾಯಿ ಸಂಗ್ರಹದ ಪಾಲು ಅಲ್ಪವೆಂದೂ ಲಂಟಾನ ಕಳೆ ಹಾಗೂ ಮರಗಳಿಗೆ ಹಿಡಿಯುವ ಬಂದಳಿಕೆಯ ಪಾತ್ರವೇ ಮುಖ್ಯವೆಂದೂ ತೋರಿಸಿದ ಸಂಶೋಧನಾ ಲೇಖನ ಪತ್ರಿಕೆಯಲ್ಲಿ ಪ್ರಕಟವಾದದ್ದು 2012ರಲ್ಲಿ. ಅಂದರೆ ಸಂಗ್ರಹ ನಿಂತ ಸುಮಾರು ಆರು ವರ್ಷಗಳ ಅನಂತರ. ನಿರ್ಬಂಧಕ್ಕೆ ಆಧಾರವಾದದ್ದು ಕಾನೂನು. ಲೇಖನ ಮೊದಲೇ ಬಂದಿದ್ದರೆ ತೀರ್ಮಾನ ಬೇರೆಯಾಗುತ್ತಿತ್ತು ಎಂದು ಹೇಳಲಾಗದು. ಆದರೆ ದೀರ್ಘಕಾಲದ ಅಧ್ಯಯನವೊಂದರ ಮಧ್ಯಂತರ ಫಲಿತಾಂಶವು ತೀರ್ಮಾನ ಕೈಗೊಳ್ಳುವವರ ಮೇಜಿನ ಮೇಲೆ ಸಕಾಲದಲ್ಲಿ ಇರಬೇಕಾದರೆ, ಅದಕ್ಕೆ ಪತ್ರಿಕಾ ಪ್ರಕಟಣೆಯ ಹೊರತಾದ ದಾರಿಯೊಂದನ್ನು ಮೊದಲೇ ಗೊತ್ತುಮಾಡಿರಬೇಕಾಗುತ್ತದೆ.

ಯಾರಿಗೆ, ಯಾವ ಕಾಲಕ್ಕೆ

ಹಂಚಿಕೆಯ ಯೋಜನೆಯನ್ನು ಸಿದ್ಧಪಡಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ, ಈ ಮಾಹಿತಿ ದೊರೆತರೆ ಯಾರು ಯಾವ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಬಲ್ಲರು ಎಂಬುದು. ನೆಲ್ಲಿಯ ವಿಷಯದಲ್ಲಿ ಕಾಯಿ ಕೀಳುವವರಿಗೆ ಬೇಕಾದದ್ದು ಬಂದಳಿಕೆ ಹಿಡಿದ ಕೊಂಬೆಯನ್ನು ಕೊಯ್ಲಿನ ಸಮಯದಲ್ಲಿಯೇ ತೆಗೆಯಬಹುದೇ ಎಂಬುದಕ್ಕೆ ಉತ್ತರ. ವಲಯ ಅರಣ್ಯಾಧಿಕಾರಿಗೆ ಬೇಕಾದದ್ದು ಲಂಟಾನ ತೆರವಿಗೆ ಯಾವ ಭಾಗವನ್ನು ಮೊದಲು ಆರಿಸಿಕೊಳ್ಳಬೇಕು ಎಂಬುದು. ಸಹಕಾರ ಸಂಘಕ್ಕೆ ಬೇಕಾದದ್ದು ಮುಂಬರುವ ಹಂಗಾಮಿನ ಅಂದಾಜು. ಒಂದೇ ಕಿರುಹೊತ್ತಗೆಯನ್ನು ಮೂವರಿಗೂ ಕೊಟ್ಟರೆ ಮೂವರಿಗೂ ಅದು ಅರ್ಧ ಉಪಯೋಗಕ್ಕೆ ಮಾತ್ರ ಬರುತ್ತದೆ.

ಎರಡನೆಯದು ಕಾಲ. ಉತ್ತರ ಕನ್ನಡದ ಉಪ್ಪಾಗೆಯನ್ನು ನೋಡಬಹುದು. ಇದರ ಹಣ್ಣು ಮಾಗುವುದು ಮಳೆಗಾಲದಲ್ಲಿ. ಸಿಪ್ಪೆಯನ್ನು ಬಿಸಿಲಿನಲ್ಲಿ ಒಣಗಿಸಲಾಗದ ಕಾರಣ ಬೆಂಕಿಯ ಮೇಲೆ ಒಣಗಿಸಬೇಕಾಗುತ್ತದೆ, ಇದಕ್ಕೆ ಹೇರಳವಾಗಿ ಸೌದೆ ವ್ಯಯವಾಗುತ್ತದೆ. ಆದ್ದರಿಂದ ಉಪ್ಪಾಗೆಯ ಅಧ್ಯಯನದಲ್ಲಿ ಹಣ್ಣಿನ ಸಂಗ್ರಹದಷ್ಟೇ ಒಣಗಿಸುವ ವಿಧಾನವೂ ಅರಣ್ಯದ ಪ್ರಶ್ನೆಯಾಗುತ್ತದೆ. ಸೌದೆ ಕಡಿಮೆ ಬಳಸುವ ಒಲೆಯ ಬಗೆಗಿನ ಫಲಿತಾಂಶವನ್ನು ಮಳೆಗಾಲ ಮುಗಿದ ಮೇಲೆ ಜಿಲ್ಲಾ ಕೇಂದ್ರದ ಕಾರ್ಯಾಗಾರದಲ್ಲಿ ಮಂಡಿಸಿದರೆ ಆ ವರ್ಷದ ಮಟ್ಟಿಗೆ ಪ್ರಯೋಜನವಿಲ್ಲ. ಬೇಸಿಗೆಯ ಕೊನೆಯಲ್ಲಿ, ಒಲೆ ಹಾಕುವ ಮುನ್ನ, ಒಣಗಿಸುವ ಮನೆಗಳಲ್ಲಿಯೇ ತೋರಿಸಬೇಕು. ಒಣಗಿಸುವ ಕೆಲಸದಲ್ಲಿ ಮಹಿಳೆಯರ ಪಾಲು ಇರುವಲ್ಲಿ, ಕೇವಲ ಪುರುಷರೇ ಸೇರುವ ಸಂಜೆಯ ಸಭೆಯು ಸೂಕ್ತವಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಲಾಖೆಗೂ ಒಂದು ಋತುಮಾನವಿದೆ. ಅರಣ್ಯ ವಿಭಾಗದ ಕಾರ್ಯಯೋಜನೆಯನ್ನು ಸಾಮಾನ್ಯವಾಗಿ ಹತ್ತು ವರ್ಷಗಳ ಅವಧಿಗೆ ರೂಪಿಸಲಾಗುತ್ತದೆ. ಪರಿಷ್ಕರಣೆಯ ಸಮಯದಲ್ಲಿ ತಲುಪುವ ಎರಡು ಪುಟಗಳ ಟಿಪ್ಪಣಿಯು, ಮಂಜೂರಾತಿಯ ಮರುವರ್ಷ ಬರುವ ಇನ್ನೂರು ಪುಟಗಳ ವರದಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಸಂಬಂಧಿಸಿದ ವಿಭಾಗದ ಕಾರ್ಯಯೋಜನೆ ಯಾವಾಗ ಪರಿಷ್ಕರಣೆಗೆ ಬರುತ್ತದೆ ಎಂಬುದನ್ನು ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಕಛೇರಿಯಲ್ಲಿ ವಿಚಾರಿಸಿ ತಿಳಿಯಬಹುದು. ಗ್ರಾಮ ಅರಣ್ಯ ಸಮಿತಿಯ ಸೂಕ್ಷ್ಮ ಯೋಜನೆಗೂ ಇದೇ ಮಾತು ಅನ್ವಯಿಸುತ್ತದೆ.

ಒಮ್ಮತವಿಲ್ಲದ ಫಲಿತಾಂಶಗಳು

ಹಂಚಿಕೆಯಲ್ಲಿ ಅತ್ಯಂತ ಕ್ಲಿಷ್ಟವಾದದ್ದು ಪಾಲುದಾರರಲ್ಲಿಯೇ ಭಿನ್ನಾಭಿಪ್ರಾಯವಿರುವ ವಿಷಯ. ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲಿ ಒಣಗಿದ ಎಲೆಗಳಿಗೆ ಸಣ್ಣ ಪ್ರಮಾಣದ ಬೆಂಕಿ ಹಾಕುತ್ತಿದ್ದರು. ಇದಕ್ಕೆ ತರಗು ಬೆಂಕಿ ಎಂದು ಹೆಸರು. ಈ ರೂಢಿ ನಿಂತದ್ದರಿಂದಲೇ ಲಂಟಾನ ಮತ್ತು ಬಂದಳಿಕೆ ಹೆಚ್ಚಿದವೆಂಬುದು ಅವರಲ್ಲಿ ಅನೇಕರ ಅಭಿಪ್ರಾಯ. ಸೋಲಿಗ ಸಮುದಾಯದವರೇ ಆದ ಡಾ. ಸಿ. ಮಾದೇಗೌಡ ಅವರು ತಮ್ಮ ಜನರ ಸಾಂಪ್ರದಾಯಿಕ ಜ್ಞಾನ ಮತ್ತು ಸಂರಕ್ಷಣೆಯ ಕುರಿತು 2009ರಲ್ಲಿ ಲೇಖನ ಪ್ರಕಟಿಸಿದ್ದಾರೆ. ನೆಲ್ಲಿ ಮತ್ತು ಬಂದಳಿಕೆಯ ವಿಷಯದಲ್ಲಿ ಸೋಲಿಗರ ತಿಳಿವಳಿಕೆಯನ್ನು ಪರಿಸರ ವಿಜ್ಞಾನದ ದತ್ತಾಂಶದೊಂದಿಗೆ ಇಟ್ಟು ನೋಡುವ ಅಧ್ಯಯನ 2010ರಲ್ಲಿ ಪ್ರಕಟವಾಗಿದೆ. ಇನ್ನೊಂದೆಡೆ, ಅನುಮತಿಯಿಲ್ಲದೆ ಅರಣ್ಯಕ್ಕೆ ಬೆಂಕಿ ಹಚ್ಚುವುದು ಕರ್ನಾಟಕ ಅರಣ್ಯ ಅಧಿನಿಯಮ, 1963ರನ್ವಯ ಶಿಕ್ಷಾರ್ಹ ಅಪರಾಧ. ಲಂಟಾನ ದಟ್ಟವಾಗಿ ಬೆಳೆದಿರುವ ಇಂದಿನ ಕಾಡಿನಲ್ಲಿ ಬೆಂಕಿಯು ಹಿಂದಿನ ತರಗು ಬೆಂಕಿಯಂತೆ ನೆಲಮಟ್ಟದಲ್ಲಿ ಉಳಿಯುವುದೆಂಬ ಭರವಸೆಯೂ ಇಲ್ಲ.

ಇಂತಹ ವಿಷಯವನ್ನು ಗೋಡೆಪತ್ರದ ಒಂದು ಸಾಲಿಗೆ ಇಳಿಸುವುದು ಸರ್ವಥಾ ತರವಲ್ಲ. ‘ಬೆಂಕಿಯಿಂದ ಕಾಡಿಗೆ ಒಳಿತು’ ಎಂದು ಬರೆದರೆ ಓದಿದವರು ಜೈಲಿಗೆ ಹೋಗುವ ಸಂಭವವಿದೆ. ‘ಬೆಂಕಿಯೇ ಕಾಡಿನ ಶತ್ರು’ ಎಂದಷ್ಟೇ ಬರೆದರೆ ಅಧ್ಯಯನಕ್ಕೆ ವರ್ಷಗಟ್ಟಲೆ ದುಡಿದ ಹಿರಿಯರ ಮಾತನ್ನು ಅಳಿಸಿದಂತಾಗುತ್ತದೆ. ದತ್ತಾಂಶ ಏನನ್ನು ತೋರಿಸಿದೆ, ಸೋಲಿಗರು ಏನು ಹೇಳುತ್ತಾರೆ, ಕಾನೂನು ಏನನ್ನು ಹೇಳುತ್ತದೆ, ಯಾವ ಪ್ರಶ್ನೆ ಇನ್ನೂ ತೀರ್ಮಾನವಾಗಿಲ್ಲ ಎಂಬ ನಾಲ್ಕನ್ನೂ ಪ್ರತ್ಯೇಕವಾಗಿ, ಅದೇ ಕ್ರಮದಲ್ಲಿ ತಿಳಿಸುವುದು ಸೂಕ್ತ. ಇಂತಹ ವಿಷಯಗಳನ್ನು ಮೊದಲು ಮೌಖಿಕವಾಗಿ, ಅರಣ್ಯ ಸಿಬ್ಬಂದಿ ಮತ್ತು ಗ್ರಾಮಸಭೆಯ ಸದಸ್ಯರು ಒಂದೇ ಕಡೆ ಕುಳಿತಿರುವಾಗ ಮಂಡಿಸಿ, ಅಲ್ಲಿ ಬಂದ ಆಕ್ಷೇಪಣೆಗಳನ್ನೂ ದಾಖಲಿಸಿ, ಬಳಿಕ ಮುದ್ರಿಸಬೇಕು. ಪಾಲುದಾರರಲ್ಲಿ ಒಮ್ಮತ ಮೂಡದಿದ್ದಲ್ಲಿ ಭಿನ್ನಮತವನ್ನು ವರದಿಯಲ್ಲಿಯೇ ಸೇರಿಸುವ ಷರತ್ತು ಆರಂಭದ ಒಡಂಬಡಿಕೆಯಲ್ಲಿ ಇರತಕ್ಕದ್ದು.

ಪ್ರಕಟಿಸಬಾರದ ಮಾಹಿತಿ

ಎಲ್ಲವನ್ನೂ ಎಲ್ಲರಿಗೂ ತಿಳಿಸುವುದು ಹಂಚಿಕೆಯ ಗುರಿಯಲ್ಲ. ಬೆಲೆಬಾಳುವ ಔಷಧಿ ಸಸ್ಯ, ಶ್ರೀಗಂಧ ಅಥವಾ ಅಪರೂಪದ ಪ್ರಾಣಿಗಳ ನಿಖರ ಸ್ಥಳವನ್ನು ಪ್ರಕಟಿಸಿದರೆ ಕಳ್ಳಸಾಗಣೆದಾರರಿಗೆ ನಕ್ಷೆ ಬರೆದುಕೊಟ್ಟಂತೆ. ಸೋಲಿಗರು ಸಂಶೋಧಕರೊಂದಿಗೆ ಸೇರಿ ಬಿಳಿಗಿರಿರಂಗನ ಬೆಟ್ಟದಲ್ಲಿನ ತಮ್ಮ ನೂರಾರು ಪವಿತ್ರ ಹಾಗೂ ಸಾಂಸ್ಕೃತಿಕ ತಾಣಗಳನ್ನು ಉಪಗ್ರಹ ಆಧಾರಿತ ಸ್ಥಾನ ನಿರ್ದೇಶಕ ಉಪಕರಣದ ನೆರವಿನಿಂದ ಗುರುತಿಸಿದ್ದಾರೆ. ಕಾಗದದಲ್ಲಿ ಎಲ್ಲಿಯೂ ಇಲ್ಲದಿದ್ದ ಹೆಸರುಗಳು ಹೀಗೆ ನಕ್ಷೆಗೆ ಬಂದು ಸಮುದಾಯದ ಹಕ್ಕು ಪ್ರತಿಪಾದನೆಗೆ ಬಲ ನೀಡಿದವು. ಈ ಪ್ರದೇಶವು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ಹಕ್ಕುಗಳ ಮಾನ್ಯತೆ ಅಧಿನಿಯಮ, 2006ರನ್ವಯ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಗಳನ್ನು ಮಾನ್ಯ ಮಾಡಲಾಯಿತು. ಕಿರು ಅರಣ್ಯ ಉತ್ಪನ್ನಗಳ ಹಕ್ಕೂ ಇದರಲ್ಲಿ ಸೇರಿದೆ. ಒಂದು ನಕ್ಷೆಯು ಹಕ್ಕಿನ ದಾಖಲೆಯೂ ಆಗಬಲ್ಲದು, ಬಹಿರಂಗವಾದರೆ ಹಾನಿಯನ್ನೂ ತರಬಲ್ಲದು. ಯಾವ ತಾಣವನ್ನು ಹೊರಗಿನವರಿಗೆ ತೋರಿಸಬಹುದು ಎಂಬ ತೀರ್ಮಾನವು ಆ ತಾಣವನ್ನು ಹೇಳಿಕೊಟ್ಟವರದೇ ಆಗಿರಬೇಕು.

ಸದರಿ ಅಧಿನಿಯಮದ 3(1)(ಕೆ) ಪ್ರಕರಣವು ಜೀವವೈವಿಧ್ಯಕ್ಕೆ ಸಂಬಂಧಿಸಿದ ಸಾಂಪ್ರದಾಯಿಕ ಜ್ಞಾನ ಹಾಗೂ ಬೌದ್ಧಿಕ ಆಸ್ತಿಯ ಮೇಲೆ ಸಮುದಾಯದ ಹಕ್ಕನ್ನು ಮಾನ್ಯ ಮಾಡುತ್ತದೆ. ಸಂಶೋಧನೆಯ ಫಲಿತಾಂಶಗಳನ್ನು ವಿದೇಶೀಯರಿಗೆ ಅಥವಾ ವಿದೇಶಿ ಸಂಸ್ಥೆಗಳಿಗೆ ವರ್ಗಾಯಿಸುವುದಕ್ಕೆ ಜೈವಿಕ ವೈವಿಧ್ಯ ಅಧಿನಿಯಮ, 2002ರ ನಿಬಂಧನೆಗಳು ಅನ್ವಯಿಸುತ್ತವೆ. ಈ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿರುವುದರಿಂದ, ಹೊರದೇಶದ ಪಾಲುದಾರರಿರುವ ಯೋಜನೆಗಳಲ್ಲಿ ಹಳೆಯ ಒಡಂಬಡಿಕೆಯ ನಮೂನೆಯನ್ನು ನಕಲು ಮಾಡದೆ ತಿದ್ದುಪಡಿಯಾದ ಪಠ್ಯವನ್ನು ಓದಿಯೇ ಸಹಿ ಮಾಡುವುದು ಕ್ಷೇಮ.

ಭಾಷೆ, ಹೆಸರು ಮತ್ತು ವೆಚ್ಚ

ಕನ್ನಡದಲ್ಲಿ ಬರೆಯುವುದೆಂದರೆ ಇಂಗ್ಲಿಷ್ ವರದಿಯ ಸಾರಾಂಶವನ್ನು ಅನುವಾದಿಸುವುದಲ್ಲ. ಕ್ಷೇತ್ರದಲ್ಲಿ ಬಳಸಿದ ಸಸ್ಯದ ಹೆಸರು, ಜಾಗದ ಹೆಸರು, ಅಳತೆಯ ಮಾತು ಬರವಣಿಗೆಯಲ್ಲಿಯೂ ಹಾಗೆಯೇ ಉಳಿಯಬೇಕು. ‘ಹೆಕ್ಟೇರಿಗೆ ಇಷ್ಟು ಸಸಿಗಳ ಸಾಂದ್ರತೆ’ ಎಂಬುದಕ್ಕಿಂತ, ಇಂತಹ ಹಳ್ಳದ ಮಗ್ಗುಲಲ್ಲಿ ಹತ್ತು ವರ್ಷಗಳ ಹಿಂದೆ ಎಣಿಸಿದ ಸಸಿಗಳಲ್ಲಿ ಈಗ ಉಳಿದಿರುವುದು ಎಷ್ಟು ಎಂಬ ವಾಕ್ಯವು ಕೇಳುವವರಿಗೆ ಬೇಗ ಮುಟ್ಟುತ್ತದೆ. ಓದು ಬಾರದವರು ಇರುವಲ್ಲಿ ಅಳತೆ ಮಾಡಿದ ಮರಗಳ ಬಳಿಗೇ ಹೋಗಿ ನಿಂತು ಮಾತನಾಡುವುದಕ್ಕೆ ಸಮನಾದ ಸಾಧನ ಬೇರೊಂದಿಲ್ಲ.

ಲೇಖಕರ ಪಟ್ಟಿಯಲ್ಲಿ ಯಾರ ಹೆಸರಿರಬೇಕು ಎಂಬುದನ್ನೂ ಆರಂಭದಲ್ಲಿಯೇ ಬರೆದಿಡಬೇಕು. ದತ್ತಾಂಶ ಸಂಗ್ರಹಿಸಿದ ಸ್ಥಳೀಯ ಸಹಾಯಕರು ಮತ್ತು ಅರಣ್ಯ ರಕ್ಷಕರು ಬಹಳ ಸಲ ಕೃತಜ್ಞತೆಯ ಸಾಲಿನಲ್ಲಿ, ಅದೂ ಹೆಸರಿಲ್ಲದೆ, ಉಳಿದುಬಿಡುತ್ತಾರೆ. ಇದು ಸರಿಯಾದ ಕ್ರಮವಲ್ಲ. ಹೆಸರು ಬೇಡವೆನ್ನುವವರ ಇಚ್ಛೆಯನ್ನೂ ಗೌರವಿಸತಕ್ಕದ್ದು.

ಸಭೆಗಳಿಗೆ ಬರುವವರ ಒಂದು ದಿನದ ಕೂಲಿ, ಪ್ರಯಾಣ, ಊಟ, ಕನ್ನಡ ಮುದ್ರಣ ಮತ್ತು ಚಿತ್ರ ಬರೆಯುವವರ ಸಂಭಾವನೆಗಳಿಗೆ ಆಯವ್ಯಯದಲ್ಲಿ ಪ್ರತ್ಯೇಕ ಶೀರ್ಷಿಕೆ ಇರಲಿ. ಕೊನೆಯ ವರ್ಷಕ್ಕೆ ಬಿಟ್ಟ ಹಣ ಸಾಮಾನ್ಯವಾಗಿ ಕೊನೆಯ ವರ್ಷದವರೆಗೆ ಉಳಿಯುವುದಿಲ್ಲ.

ಯೋಜನೆ ಮುಗಿದ ಬಳಿಕ ದಾಖಲೆಗಳು

ಯೋಜನೆಯ ಅವಧಿ ಮುಗಿದಾಗ ಕ್ಷೇತ್ರ ಪುಸ್ತಕಗಳು, ತಾಕುಗಳ ನಕ್ಷೆ, ಮರಗಳ ಸಂಖ್ಯಾಪಟ್ಟಿ ಸಂಶೋಧಕರೊಂದಿಗೆ ಊರು ಬಿಟ್ಟು ಹೋಗುವುದುಂಟು. ಹತ್ತು ವರ್ಷಗಳ ಬಳಿಕ ಅದೇ ಮರಗಳನ್ನು ಮತ್ತೆ ಅಳೆಯಬಯಸುವವರಿಗೆ ಅವು ದೊರೆಯದಿದ್ದರೆ ಮೊದಲಿನ ಶ್ರಮದ ಬಹುಪಾಲು ವ್ಯರ್ಥವಾಗುತ್ತದೆ. ಪ್ರತಿಗಳನ್ನು ವಲಯ ಅರಣ್ಯ ಕಛೇರಿ, ಗ್ರಾಮಸಭೆ ಅಥವಾ ಗ್ರಾಮ ಅರಣ್ಯ ಸಮಿತಿ ಹಾಗೂ ಸಂಶೋಧನಾ ಸಂಸ್ಥೆಯ ಗ್ರಂಥಾಲಯ ಹೀಗೆ ಕನಿಷ್ಠ ಮೂರು ಕಡೆ ಇಡಬೇಕು. ಗಣಕಯಂತ್ರದ ಕಡತಗಳ ಜೊತೆಗೆ ಕಾಗದದ ಪ್ರತಿಯೂ ಇರಬೇಕು. ಇಲಾಖೆಯ ವಶದಲ್ಲಿರುವ ವರದಿಗಳು ಮಾಹಿತಿ ಹಕ್ಕು ಅಧಿನಿಯಮ, 2005ರ ವ್ಯಾಪ್ತಿಗೆ ಬರುತ್ತವೆ. ಅರ್ಜಿ ಬರುವವರೆಗೆ ಕಾಯದೆ, ಮೇಲೆ ಹೇಳಿದ ಸ್ಥಳ ವಿವರಗಳನ್ನು ಹೊರತುಪಡಿಸಿದ ಪ್ರತಿಯೊಂದನ್ನು ಸಾರ್ವಜನಿಕರಿಗಾಗಿ ಸಿದ್ಧವಾಗಿ ಇಟ್ಟುಕೊಳ್ಳುವುದು ಅನುಕೂಲಕರ. ಹಸ್ತಾಂತರದ ದಿನಾಂಕ, ಪಡೆದವರ ಸಹಿ ಮತ್ತು ದಾಖಲೆಗಳ ಪಟ್ಟಿಯನ್ನು ಸಮಿತಿಯ ನಡವಳಿ ಪುಸ್ತಕದಲ್ಲಿ ನಮೂದಿಸತಕ್ಕದ್ದು.