ಗಾಳಿಯನ್ನು ಅಳೆದ ಬಗೆ

ಮಂಗಳೂರಿನಿಂದ ಒಳನಾಡಿಗೆ ಹೋಗುವ ಮೂರು ಹೆದ್ದಾರಿಗಳು ನಮ್ಮ ಮೂರು ಊರುಗಳನ್ನು ಹಾದುಹೋಗುತ್ತವೆ. ಬೆಂಗಳೂರಿನ ದಾರಿಯಲ್ಲಿ ಬಂಟ್ವಾಳ, ಚಾರ್ಮಾಡಿ ಘಾಟಿಯ ದಾರಿಯಲ್ಲಿ ಬೆಳ್ತಂಗಡಿ, ಕಾರ್ಕಳದ ದಾರಿಯಲ್ಲಿ ಮೂಡುಬಿದಿರೆ. ಹಿಂದೆ ಎತ್ತಿನ ಗಾಡಿಗಳು ಸಾಗಿದ ದಿಕ್ಕಿನಲ್ಲೇ ಇಂದು ಲಾರಿಗಳ ಸಾಲು. ಎಂಜಿನ್ನಿನ ಉರಿಯಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿ ಸಾರಜನಕದ ಆಕ್ಸೈಡುಗಳಾಗುತ್ತವೆ. ಅವುಗಳಲ್ಲಿ ನೈಟ್ರೋಜನ್ ಡೈಆಕ್ಸೈಡ್ ಶ್ವಾಸನಾಳವನ್ನು ಕೆರಳಿಸುವಂಥದು. ಉಬ್ಬಸವಿರುವ ಮಕ್ಕಳಿಗೆ ಅದು ಶತ್ರು. ಕಣ್ಣಿಗೆ ಕಾಣದ ಈ ಶತ್ರುವನ್ನು ಮನುಷ್ಯನು ಅಳೆಯಲು ಕಲಿತ ಬಗೆಯನ್ನು ತಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ.

ವಿಚಿತ್ರವೆಂದರೆ, ಒಂದು ಕಾಲಕ್ಕೆ ಈ ಅನಿಲಗಳಲ್ಲೊಂದು ತಾನೇ ಅಳತೆಗೋಲಾಗಿತ್ತು. 1772ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿಯು ನೈಟ್ರಿಕ್ ಆಕ್ಸೈಡನ್ನು ನೀರಿನ ಮೇಲೆ ಗಾಳಿಯೊಡನೆ ಬೆರೆಸಿ, ಗಾತ್ರ ಎಷ್ಟು ಕುಗ್ಗಿತೆಂಬುದರಿಂದ ಆ ಗಾಳಿ ಉಸಿರಾಟಕ್ಕೆ ಎಷ್ಟು ಯೋಗ್ಯವೆಂದು ನಿರ್ಣಯಿಸಿದನು. ಅಳೆಯುವ ವಸ್ತುವೇ ಮುಂದೆ ಅಳೆಯಲ್ಪಡಬೇಕಾದ ವಸ್ತುವಾಯಿತು. ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನ ಬಿಯರ್ ಕಾರ್ಖಾನೆಯಲ್ಲಿ ದುಡಿದ ಪೀಟರ್ ಗ್ರೀಸನು 1879ರಲ್ಲಿ ನೈಟ್ರೈಟಿನ ಅತ್ಯಲ್ಪ ಅಂಶವನ್ನೂ ಬಣ್ಣದಿಂದ ಗುರುತಿಸುವ ಪರೀಕ್ಷೆಯನ್ನು ಕೊಟ್ಟನು. ಅದನ್ನು 1954ರಲ್ಲಿ ಸಾಲ್ಟ್ಸ್‌ಮನ್ನನೂ 1958ರಲ್ಲಿ ಜೇಕಬ್ಸ್ ಮತ್ತು ಹಾಕ್‌ಹೈಸರರೂ ಬೀದಿಯ ಗಾಳಿಗೆ ಒಗ್ಗಿಸಿದರು. ಕ್ಷಾರದ್ರಾವಣದೊಳಗೆ ಗಾಳಿಯನ್ನು ಗುಳ್ಳೆಗಳಾಗಿ ಹಾಯಿಸುತ್ತಾರೆ. ಹಿಡಿದಿಟ್ಟ ಅನಿಲವು ನೈಟ್ರೈಟಾಗುತ್ತದೆ. ತಕ್ಕ ರಾಸಾಯನಿಕಗಳನ್ನು ಬೆರೆಸಿದೊಡನೆ ದ್ರಾವಣ ಗುಲಾಬಿಯಾಗುತ್ತದೆ. ಬಣ್ಣ ಗಾಢವಾದಷ್ಟೂ ಗಾಳಿ ಕೆಟ್ಟಿದೆಯೆಂದರ್ಥ.

ವಿದ್ಯಾರ್ಥಿಯಾಗಿದ್ದಾಗ ಆಟಿ ತಿಂಗಳ ಜಡಿಮಳೆಯಲ್ಲಿ ನಾನು ಈ ಪ್ರಯೋಗವನ್ನು ಮಾಡಿದೆ. ದ್ರಾವಣ ಬಹುತೇಕ ಬಣ್ಣವಿಲ್ಲದೆಯೇ ಉಳಿಯಿತು. ನಮ್ಮ ಊರಿನ ಗಾಳಿ ನಿರ್ಮಲವೆಂದು ಹೆಮ್ಮೆಯಿಂದ ಬರೆದುಕೊಟ್ಟೆ. ಗುರುಗಳು ಕಾಗದವನ್ನು ಹಿಂದಿರುಗಿಸಿ, "ನೀನು ಅಳೆದದ್ದು ಮಳೆಯನ್ನಪ್ಪ, ಊರನ್ನಲ್ಲ" ಎಂದರು. ಬೇಸಗೆಯಲ್ಲಿ ಅದೇ ಉಪಕರಣವನ್ನು ಹೆದ್ದಾರಿಯ ಬದಿಗೆ ಒಯ್ದಾಗ ಸೀಸೆ ಕೆಂಪೇರಿತು. ಆ ನಾಚಿಕೆ ನನಗೆ ಒಂದು ಪಾಠವಾಯಿತು.

ನಮ್ಮ ದೇಶದ ನಿಯಮದಲ್ಲಿಯೂ ಇದೇ ವಿವೇಕವಿದೆ. ವಾಯುಮಾಲಿನ್ಯ ಕಾಯಿದೆ ಬಂದದ್ದು 1981ರಲ್ಲಿ. 1984ರಲ್ಲಿ ಆಗ್ರಾ ಮತ್ತು ಅನ್‌ಪಾರಾಗಳ 7 ಕೇಂದ್ರಗಳಿಂದ ರಾಷ್ಟ್ರೀಯ ವಾಯುವೀಕ್ಷಣೆ ಆರಂಭವಾಯಿತು. 2009ರ ಮಾನದಂಡದಂತೆ ನೈಟ್ರೋಜನ್ ಡೈಆಕ್ಸೈಡಿನ ವಾರ್ಷಿಕ ಸರಾಸರಿ ಘನಮೀಟರಿಗೆ 40 ಮೈಕ್ರೋಗ್ರಾಮನ್ನು ಮೀರಕೂಡದು. ಸೂಕ್ಷ್ಮ ಪರಿಸರ ಪ್ರದೇಶವೆಂದು ಘೋಷಿಸಿದಲ್ಲಿ 30ನ್ನು. ಆದರೆ ಆ ಸರಾಸರಿಗೆ ವಾರಕ್ಕೆ ಎರಡರಂತೆ ವರ್ಷದಲ್ಲಿ ಕನಿಷ್ಠ 104 ದಿನಗಳ ಅಳತೆ ಬೇಕು. ಒಂದು ಮಳೆಗಾಲದ ಸಾಕ್ಷಿ ಸಾಲದು.

ಕಡಲಗಾಳಿಯೂ ಮಳೆಯೂ ನಮ್ಮ ನಾಡಿಗೆ ದೊರೆತ ವರಗಳು. ಆ ವರಗಳೇ ನಮ್ಮನ್ನು ಮೈಮರೆಸಲೂಬಲ್ಲವು. ಗಾಳಿಯನ್ನು ಅಳೆಯುವುದಾದರೆ ವರ್ಷವಿಡೀ ಅಳೆಯೋಣ. ಹಸಿರು ಗುಡ್ಡದ ನೆತ್ತಿಯಲ್ಲಲ್ಲ, ಬಿ.ಸಿ. ರೋಡಿನಲ್ಲಿ ಮಗುವಿನ ಕೈಹಿಡಿದು ತಾಯಿಯೊಬ್ಬಳು ಬಸ್ಸಿಗಾಗಿ ಕಾಯುವ ಸ್ಥಳದಲ್ಲಿ.